ಆಚಾರ್ರ ಬಕೆಟ್ಟು, ಕಂದು ಹೊಗೆ: ನೈಟ್ರೋಜನ್ ಆಕ್ಸೈಡು ನೀರಲ್ಲಿ ಎಷ್ಟು ಕರಗುತ್ತೆ?

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನನಗೆ ಬೇಕಾದ ಆಚಾರ್ರೊಬ್ಬರಿದ್ದಾರೆ. ಹಳೆ ಒಡವೆ ಕರಗಿಸಿ ಚಿನ್ನ ಶುದ್ಧ ಮಾಡುವುದು ಅವರ ಕಸುಬಿನ ಒಂದು ಪಾಲು. ಚಿನ್ನಕ್ಕೆ ಬೇಕಂತಲೇ ಹೆಚ್ಚು ಬೆಳ್ಳಿ ಸೇರಿಸಿ ಕರಗಿಸಿ, ತೆಳ್ಳಗೆ ತಗಡು ಮಾಡಿ, ನೈಟ್ರಿಕ್ ಆಸಿಡ್‌ನಲ್ಲಿ ಕಾಯಿಸುತ್ತಾರೆ. ಬೆಳ್ಳಿ, ತಾಮ್ರ ಎಲ್ಲ ಆಸಿಡ್ಡಿಗೆ ಸೇರಿಹೋಗಿ ಚಿನ್ನ ತಳದಲ್ಲಿ ಕೂರುತ್ತದೆ. ಆಗ ಏಳುವ ಹೊಗೆಯ ಬಣ್ಣ ಅಡಿಕೆ ಬೇಯಿಸಿದ ಚೊಗರಿನದು. ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಹೊಗೆ ನೀರಿಗೆ ಬಿಟ್ಟರೆ ಕರಗಿಹೋಗುತ್ತೆ ಅಂತ ಯಾರೋ ಹೇಳಿದ್ದನ್ನು ಕೇಳಿ ಅವರು ಪಾತ್ರೆಯ ಮುಚ್ಚಳಕ್ಕೊಂದು ಪೈಪು ಸಿಕ್ಕಿಸಿ, ಅದರ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದ್ದರು. ನನ್ನನ್ನು ಕರೆದು ತೋರಿಸಿದರು. ಪೈಪಿನಲ್ಲಿ ಕಂದು ಹೊಗೆ. ನೀರಿನೊಳಗೆ ಗುಳುಗುಳು ಏಳುವ ಗುಳ್ಳೆಗಳಿಗೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಸರಿ, ನೀರು ನುಂಗಿತು ಅಂದುಕೊಳ್ಳುವಷ್ಟರಲ್ಲಿ ಬಕೆಟ್ಟಿನ ಬಾಯಿಂದ ಒಂದು ಗೇಣು ಮೇಲೆ ಮತ್ತೆ ಅದೇ ಕಂದು.

"ಇದೆಂತ ಮಾರಾಯ್ರೆ? ಕೆಮಿಸ್ಟ್ರಿ ಓದಿದೋರಲ್ವಾ, ಹೇಳಿ. ನೀರು ನುಂಗಿದ ಹೊಗೆ ಮತ್ತೆ ಮೇಲೆ ಹುಟ್ಟೋದು ಹ್ಯಾಗೆ?"

ಅವರ ಪ್ರಶ್ನೆ ನಾನು ಓದಿದ ಎಷ್ಟೋ ಪರೀಕ್ಷೆಗಳ ಪ್ರಶ್ನೆಗಿಂತ ಚೆನ್ನಾಗಿತ್ತು. ನೈಟ್ರೋಜನ್ ಆಕ್ಸೈಡು ನೀರಿನಲ್ಲಿ ಕರಗುತ್ತದೆಯೇ ಎಂದು ಪುಸ್ತಕದಲ್ಲಿ ಹುಡುಕಿದರೆ ಒಂದು ಕಡೆ "ಅಲ್ಪ", ಇನ್ನೊಂದು ಕಡೆ "ಸಾಧಾರಣ", ಮತ್ತೊಂದು ಕಡೆ "ನೀರಿನೊಂದಿಗೆ ವರ್ತಿಸುತ್ತದೆ" ಎಂದಿರುತ್ತದೆ. ಮೂರೂ ಸರಿ. ಏಕೆಂದರೆ ಅವು ಮೂರು ಬೇರೆ ಬೇರೆ ಅನಿಲಗಳ ಮಾತು.

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳೋಣ. ಎರಡು ನೈಟ್ರೋಜನ್, ಒಂದು ಆಕ್ಸಿಜನ್ ಸೇರಿದರೆ ನೈಟ್ರಸ್ ಆಕ್ಸೈಡ್. ಇದೇ ನಗೆ ಅನಿಲ, ಬಣ್ಣವಿಲ್ಲ, ತುಸು ಸಿಹಿ ವಾಸನೆ. ಒಂದಕ್ಕೊಂದು ಸೇರಿದರೆ ನೈಟ್ರಿಕ್ ಆಕ್ಸೈಡ್, ಇದಕ್ಕೂ ಬಣ್ಣವಿಲ್ಲ. ಒಂದು ನೈಟ್ರೋಜನ್ನಿಗೆ ಎರಡು ಆಕ್ಸಿಜನ್ ಸೇರಿದರೆ ನೈಟ್ರೋಜನ್ ಡೈಆಕ್ಸೈಡ್. ಆಚಾರ್ರ ಕಂದು ಹೊಗೆ ಇದು. ಇದೇ ಮನೆತನದಲ್ಲಿ ಇನ್ನೂ ಕೆಲವರಿದ್ದಾರೆ, ಆದರೆ ನಮ್ಮ ಕಥೆಗೆ ಈ ಮೂವರು ಸಾಕು. ಟ್ರಸ್, ಟ್ರಿಕ್, ಡೈ ಎಂಬ ಮೂರು ತುಣುಕುಗಳಲ್ಲಿ ಒಂದನ್ನು ತಪ್ಪಿ ಬರೆದರೂ ಉತ್ತರ ತಲೆಕೆಳಗಾಗುತ್ತದೆ. ಕುಡಿದು ನಗುವ ಅನಿಲಕ್ಕೂ ಪುಪ್ಪುಸ ಸುಡುವ ಅನಿಲಕ್ಕೂ ಇಷ್ಟು ಹತ್ತಿರದ ಹೆಸರಿಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇನ್ನು ಕರಗುವುದು ಎಂದರೇನು? ಸಕ್ಕರೆ ಕರಗುವುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಾರಿ ತಪ್ಪುತ್ತೇವೆ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಅನಿಲ ತಣ್ಣೀರಿನಲ್ಲಿ ಹೆಚ್ಚು. ಬಿಸಿಲಿಗಿಟ್ಟ ಗೋಲಿ ಸೋಡಾ ಒಡೆದವರಿಗೆ ಇದು ಗೊತ್ತು: ಗ್ಯಾಸು ಒಮ್ಮೆಲೇ ಉಕ್ಕಿ ಅಂಗಿ ಒದ್ದೆಯಾಗುತ್ತದೆ, ಉಳಿದ ನೀರು ಸಪ್ಪೆ. ಅನಿಲಕ್ಕೆ ಒತ್ತಡವೂ ಬೇಕು. ನೀರಿನ ಮೇಲೆ ಅನಿಲದ ಒತ್ತಡ ಇಮ್ಮಡಿಯಾದರೆ ಒಳಗೆ ಕರಗುವ ಪ್ರಮಾಣವೂ ಇಮ್ಮಡಿ. 1803ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಇದನ್ನು ನಿಯಮವಾಗಿ ಹೇಳಿದ. ಗೋಲಿಯ ಒತ್ತು ಬಿಟ್ಟೊಡನೆ ಬುಸ್ಸೆನ್ನುವುದು ಹೆನ್ರಿಯ ನಿಯಮವೇ.

ತೀರ್ಥಹಳ್ಳಿಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಅದೇ ಬಾಗಿಲಲ್ಲಿ ಹತ್ತುವವರು, ಅದೇ ಬಾಗಿಲಲ್ಲಿ ಇಳಿಯುವವರು. ಸ್ವಲ್ಪ ಹೊತ್ತಿಗೆ ಹತ್ತುವವರೂ ಇಳಿಯುವವರೂ ಸಮವಾಗಿ ಒಳಗಿರುವವರ ಲೆಕ್ಕ ಒಂದೇ ಆಗಿ ನಿಲ್ಲುತ್ತದೆ. ಅನಿಲದ ಅಣುಗಳು ನೀರಿಗೆ ಹೋಗಿ ಬರುವುದು ಹೀಗೆ. ಆ ನಿಂತ ಲೆಕ್ಕಕ್ಕೇ ಕರಗುವಿಕೆ ಎಂದು ಹೆಸರು. ಆದರೆ ಬಸ್ಸಿಗೆ ಹಿಂದಿನ ಬಾಗಿಲೂ ಇದ್ದು, ಹತ್ತಿದವರೆಲ್ಲ ಅಲ್ಲಿಂದ ಇಳಿದು ಮನೆಗೆ ಹೋಗಿಬಿಡುತ್ತಿದ್ದರೆ? ಬಸ್ಸು ತುಂಬುವುದೇ ಇಲ್ಲ, ಹತ್ತುವವರು ಹತ್ತುತ್ತಲೇ ಇರಬಹುದು. ಆ ಹಿಂದಿನ ಬಾಗಿಲೇ ರಾಸಾಯನಿಕ ಕ್ರಿಯೆ. ಅನಿಲ ನೀರಿನೊಳಗೆ ಬಂದು ಬೇರೆ ವಸ್ತುವಾದರೆ, ಅದಿನ್ನು ಅನಿಲವಾಗಿ ಹೊರಗೆ ಬರುವ ಪ್ರಶ್ನೆಯಿಲ್ಲ. ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದು ಬೇರೆ, ಜೀರ್ಣಿಸಿಕೊಳ್ಳುವುದು ಬೇರೆ. ನಮ್ಮ ಮೂರು ಅನಿಲಗಳ ಸ್ವಭಾವವೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ನಗೆ ಅನಿಲಕ್ಕೆ ಹಿಂದಿನ ಬಾಗಿಲಿಲ್ಲ. ಅದು ನೀರಿನೊಡನೆ ಏನೂ ಮಾಡಿಕೊಳ್ಳುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಆದರೆ ಕೂರುವವರ ಸಂಖ್ಯೆ ಕಡಿಮೆಯೇನಲ್ಲ. 25 ಡಿಗ್ರಿ ಶಾಖ, ಒಂದು ವಾಯುಮಂಡಲದ ಒತ್ತಡದಲ್ಲಿ ಲೀಟರ್ ನೀರಿಗೆ ಸುಮಾರು 1.1 ಗ್ರಾಂ ಕರಗುತ್ತದೆ. ಗಾತ್ರದಲ್ಲಿ ಹೇಳಿದರೆ ಲೀಟರ್ ನೀರಿಗೆ 0.6 ಲೀಟರ್ ಅನಿಲ. ಸೊನ್ನೆ ಡಿಗ್ರಿಗೆ ಇಳಿಸಿದರೆ 1.3 ಲೀಟರ್, ಅಂದರೆ ನೀರು ತನ್ನ ಗಾತ್ರಕ್ಕಿಂತ ಹೆಚ್ಚು ಅನಿಲವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಸೋಡಾದ ಕಾರ್ಬನ್ ಡೈಆಕ್ಸೈಡ್ ಇದೇ ಪರಿಸ್ಥಿತಿಯಲ್ಲಿ 25 ಡಿಗ್ರಿಗೆ ಸುಮಾರು 1.5 ಗ್ರಾಂ. ಎರಡೂ ಹತ್ತಿರ ಹತ್ತಿರ ಇರುವುದು ಆಕಸ್ಮಿಕವಲ್ಲ. ಎರಡರ ಅಣುತೂಕವೂ 44, ಎರಡೂ ಮೂರು ಪರಮಾಣುಗಳ ನೇರ ಕಡ್ಡಿಯಂಥ ಅಣುಗಳು, ಎಲೆಕ್ಟ್ರಾನುಗಳ ಲೆಕ್ಕವೂ ಒಂದೇ. ಮನಸ್ಸು ಮಾಡಿದರೆ ನಗೆ ಅನಿಲದ ಸೋಡಾ ಮಾಡಬಹುದು. ಸೋಡಾದ ಆ ಚುರುಕು ಹುಳಿ ಮಾತ್ರ ಇರುವುದಿಲ್ಲ, ಏಕೆಂದರೆ ಇದು ನೀರಿನಲ್ಲಿ ಆಮ್ಲವಾಗುವುದಿಲ್ಲ. ಬೇಕರಿಯವರು ಕೇಕಿನ ಮೇಲೆ ಬುಸ್ಸನೆ ಹಾಕುವ ಕ್ರೀಮಿನ ಡಬ್ಬಿಯಲ್ಲಿ ಇದೇ ಅನಿಲವಿರುವುದೂ ಅದಕ್ಕೇ. ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಒತ್ತಡ ಬಿಟ್ಟೊಡನೆ ಗುಳ್ಳೆಯಾಗಿ ಕ್ರೀಮನ್ನು ಉಬ್ಬಿಸುತ್ತದೆ, ಹುಳಿ ಮಾಡುವುದಿಲ್ಲ.

1800ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇದನ್ನು ತಾನೇ ಸೇದಿ ನೋಡಿ, ಶಸ್ತ್ರಚಿಕಿತ್ಸೆಯ ನೋವಿಗೆ ಉಪಯೋಗವಾದೀತು ಎಂದು ಬರೆದ. ಯಾರೂ ಕಿವಿಗೊಡಲಿಲ್ಲ. 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯ ತನ್ನ ಹಲ್ಲನ್ನೇ ಕೀಳಿಸಿಕೊಂಡು ಪರೀಕ್ಷಿಸಿದ ಮೇಲೆ ಅದಕ್ಕೆ ದಾರಿ ತೆರೆಯಿತು. ಅಲ್ಲೂ ಕರಗುವಿಕೆಯದೇ ಆಟ. ರಕ್ತದಲ್ಲಿ ಇದರ ಕರಗುವಿಕೆ ಈಥರಿನಂಥ ಅರಿವಳಿಕೆಗಳಿಗಿಂತ ಬಹಳ ಕಡಿಮೆ. ರಕ್ತ ಬೇಗ ತುಂಬಿಬಿಡುವುದರಿಂದ ಮಿದುಳಿಗೆ ಬೇಗ ತಲುಪುತ್ತದೆ, ನಿಲ್ಲಿಸಿದರೆ ಬೇಗ ಹೊರಟೂ ಹೋಗುತ್ತದೆ. ಹೆಚ್ಚು ಕರಗುವ ಔಷಧಿ ಬೇಗ ಕೆಲಸ ಮಾಡುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ತದ್ವಿರುದ್ಧ.

ಎರಡನೆಯದು, ನೈಟ್ರಿಕ್ ಆಕ್ಸೈಡ್. ಇದು ನೀರಿಗೆ ಬೇಡದ ನೆಂಟ. 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 57 ಮಿಲಿಗ್ರಾಂ. ಅಣುಗಳ ಲೆಕ್ಕದಲ್ಲಿ ನಗೆ ಅನಿಲದ 13ನೇ ಒಂದು ಪಾಲು. ಶುದ್ಧ ಆಕ್ಸಿಜನ್ನಿಗಿಂತ ಅರೆಪಾಲು ಹೆಚ್ಚು, ಅಷ್ಟೆ. ನೀರಿನೊಡನೆ ಕ್ರಿಯೆಯೂ ಇಲ್ಲ. ಆದರೆ ಇದಕ್ಕೊಂದು ಚಟವಿದೆ. ಗಾಳಿಯ ಆಕ್ಸಿಜನ್ ಸಿಕ್ಕಿದ್ದೇ ತಡ, ಕೂಡಿಕೊಂಡು ಕಂದು ಬಣ್ಣದ ಡೈಆಕ್ಸೈಡ್ ಆಗಿಬಿಡುತ್ತದೆ.

ಈ ಎರಡು ಗುಣಗಳನ್ನು ಒಟ್ಟಿಗೆ ಕಟ್ಟಿ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1772ರ ಹೊತ್ತಿಗೆ ಒಂದು ಅಂದದ ಪರೀಕ್ಷೆ ಮಾಡಿದ್ದ. ಗಾಳಿ ಉಸಿರಾಟಕ್ಕೆ ಎಷ್ಟು ಒಳ್ಳೆಯದು ಎಂದು ತಿಳಿಯಲು ಅವನು ಅಲ್ಲಿಯವರೆಗೆ ಇಲಿಗಳನ್ನು ಜಾಡಿಯಲ್ಲಿಟ್ಟು ಅವು ಎಷ್ಟು ಹೊತ್ತು ಬದುಕುತ್ತವೆಂದು ನೋಡುತ್ತಿದ್ದ. ಆಮೇಲೆ ಇಲಿ ಬಿಟ್ಟು ಈ ಅನಿಲ ಹಿಡಿದ. ನೀರಿನ ಮೇಲೆ ಬೋರಲು ಹಾಕಿದ ಗಾಜಿನ ಕೊಳವೆಯಲ್ಲಿ ಎರಡು ಅಳತೆ ಗಾಳಿಗೆ ಒಂದು ಅಳತೆ ನೈಟ್ರಿಕ್ ಆಕ್ಸೈಡ್ ಬಿಡುವುದು. ನೀರಿಗೆ ಒಗ್ಗದ ಈ ಅನಿಲ ಆಕ್ಸಿಜನ್ನನ್ನು ಹಿಡಿದು ನೀರಿಗೆ ಒಗ್ಗುವ ಕಂದು ಅನಿಲವಾಗುತ್ತದೆ, ನೀರು ಅದನ್ನು ನುಂಗುತ್ತದೆ, ಕೊಳವೆಯೊಳಗೆ ನೀರು ಮೇಲೇರುತ್ತದೆ. ಒಳ್ಳೆಯ ಗಾಳಿಯಾದರೆ ಮೂರು ಅಳತೆ ಹೋಗಿ ಎರಡಕ್ಕಿಂತಲೂ ಕಡಿಮೆ ಉಳಿಯುತ್ತಿತ್ತು. ಕೆಟ್ಟ ಗಾಳಿಯಾದರೆ ಅಷ್ಟು ಕುಗ್ಗುತ್ತಿರಲಿಲ್ಲ. ಇಲಿಗಳು ಬದುಕಿದವು. ಆಚಾರ್ರ ಬಕೆಟ್ಟಿನಲ್ಲಿ ನಾವು ನೋಡಿದ್ದು ಇದೇ ಪರೀಕ್ಷೆಯನ್ನು, ಹಿಂದುಮುಂದಾಗಿ.

ಹಾಗಾದರೆ ಕಂದು ಅನಿಲ. ಡೈಆಕ್ಸೈಡಿಗೆ ಹಿಂದಿನ ಬಾಗಿಲು ಇದೆ. ಆದ್ದರಿಂದ ಇದರ ಕರಗುವಿಕೆ ಲೀಟರಿಗೆ ಇಷ್ಟು ಗ್ರಾಂ ಎಂದು ಕೇಳುವುದೇ ತಪ್ಪು ಪ್ರಶ್ನೆ. ಅಳೆಯುವಷ್ಟರಲ್ಲಿ ಅದು ಅದಾಗಿ ಉಳಿದಿರುವುದಿಲ್ಲ. ನಡೆಯುವುದು ಹೀಗೆ. ಎರಡು ಕಂದು ಅಣುಗಳು ಮೊದಲು ಜೋಡಿಯಾಗುತ್ತವೆ. ಜೋಡಿಗೆ ಬಣ್ಣವಿಲ್ಲ, ಕಂದು ಅನಿಲ ತುಂಬಿದ ಗಾಜಿನ ಬುರುಡೆಯನ್ನು ಐಸಿನಲ್ಲಿಟ್ಟರೆ ಬಣ್ಣ ಮಾಸುವುದು ಜೋಡಿಗಳು ಹೆಚ್ಚಾಗುವುದರಿಂದಲೇ. ಈ ಜೋಡಿ ನೀರಿನೊಡನೆ ಸೇರಿ ಒಂದು ನೈಟ್ರಿಕ್ ಆಮ್ಲ, ಒಂದು ನೈಟ್ರಸ್ ಆಮ್ಲ ಆಗುತ್ತದೆ. ನೈಟ್ರಿಕ್ ಗಟ್ಟಿಗ, ನೀರಿನಲ್ಲೇ ಉಳಿಯುತ್ತದೆ. ನೈಟ್ರಸ್ ಆಮ್ಲ ದುರ್ಬಲ. ಗಾಢವಾದಂತೆ, ಬಿಸಿಯಾದಂತೆ ಮುರಿದುಬಿದ್ದು ಇನ್ನಷ್ಟು ನೈಟ್ರಿಕ್ ಆಮ್ಲವನ್ನೂ ಜೊತೆಗೆ ನೈಟ್ರಿಕ್ ಆಕ್ಸೈಡನ್ನೂ ಕೊಡುತ್ತದೆ. ಕೂಡಿ ಕಳೆದ ಲೆಕ್ಕ ಇಷ್ಟು: ಮೂರು ಕಂದು ಅಣುಗಳು ಒಂದು ನೀರಿನ ಅಣುವಿನೊಡನೆ ಸೇರಿ ಎರಡು ನೈಟ್ರಿಕ್ ಆಮ್ಲ, ಒಂದು ನೈಟ್ರಿಕ್ ಆಕ್ಸೈಡ್.

ಮೂರರಲ್ಲಿ ಎರಡು ದಕ್ಕಿತು, ಒಂದು ದಕ್ಕಲಿಲ್ಲ. ದಕ್ಕದ ಆ ಒಂದು ಬಣ್ಣವಿಲ್ಲದ, ನೀರಿಗೆ ಬೇಡದ ನೈಟ್ರಿಕ್ ಆಕ್ಸೈಡ್. ಅದು ಗುಳ್ಳೆಯಾಗಿ ಮೇಲೇಳುತ್ತದೆ, ಗಾಳಿ ತಾಗಿದ ಕೂಡಲೇ ಮತ್ತೆ ಕಂದು. ಬಕೆಟ್ಟಿನ ಮೇಲೆ ಒಂದು ಗೇಣಿನಲ್ಲಿ ಹುಟ್ಟಿದ ಹೊಗೆ ಹಳೆಯ ಹೊಗೆಯಲ್ಲ, ಅದರ ಮೊಮ್ಮಗ. ಸಾಲದ್ದಕ್ಕೆ ಆಸಿಡ್ಡಿಗೆ ನೀರು ಬೆರೆಸಿ ತೆಳುಮಾಡಿಕೊಂಡಿದ್ದರೆ ಬೆಳ್ಳಿ ಕರಗುವಾಗ ಹುಟ್ಟುವುದರಲ್ಲಿ ಡೈಆಕ್ಸೈಡಿಗಿಂತ ನೈಟ್ರಿಕ್ ಆಕ್ಸೈಡೇ ಹೆಚ್ಚು. ಪಾತ್ರೆಯೊಳಗಿನ ಗಾಳಿ ಮುಗಿದ ಮೇಲೆ ಅದು ಬಕೆಟ್ಟಿನ ನೀರನ್ನು ಮಾತಾಡಿಸದೆ ದಾಟಿ ಬರುತ್ತದೆ.

ಇದೇ ತೊಂದರೆ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ನಾರ್ವೆಯವರಿಗೆ. 1903ರಲ್ಲಿ ಬರ್ಕ್‌ಲ್ಯಾಂಡ್ ಮತ್ತು ಐಡೆ ಎಂಬಿಬ್ಬರು ವಿದ್ಯುತ್ತಿನ ಚಾಪದಲ್ಲಿ ಗಾಳಿಯನ್ನು ಹಾಯಿಸಿ, ಕೃತಕ ಮಿಂಚಿನಿಂದ ನೈಟ್ರಿಕ್ ಆಕ್ಸೈಡ್ ಮಾಡುವ ವಿಧಾನ ಕಂಡುಹಿಡಿದರು. ಜಲಪಾತಗಳ ನಾಡಲ್ಲವೇ, ಕರೆಂಟು ಅಗ್ಗ. ಜೋಗದ ನೆತ್ತಿಯಲ್ಲಿ ನಿಂತಾಗೆಲ್ಲ, 253 ಮೀಟರು ಧುಮುಕುವ ಈ ನೀರು ಅವರ ಕೈಗೆ ಸಿಕ್ಕಿದ್ದರೆ ಇಲ್ಲೂ ಒಂದು ಗೊಬ್ಬರದ ಕಾರ್ಖಾನೆ ಎದ್ದಿರುತ್ತಿತ್ತೇನೋ ಅಂತ ನನಗೆ ಅನ್ನಿಸುವುದುಂಟು. ಏಳದೇ ಇದ್ದದ್ದೇ ಒಳ್ಳೆಯದಾಯಿತು. ಚಾಪ ಹೊತ್ತಿಸುವುದು ಒಂದು ಕಷ್ಟವಾದರೆ, ಹುಟ್ಟಿದ ಅನಿಲವನ್ನು ನೀರಿಗೆ ಇಳಿಸುವುದು ಇನ್ನೊಂದು ಕಷ್ಟ. ಚಾಪದಿಂದ ಬರುವ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ನೂರಕ್ಕೆ ಒಂದೆರಡು ಪಾಲು ಮಾತ್ರ. ಅದನ್ನು ತಣ್ಣಗೆ ಮಾಡಿ, ದೊಡ್ಡ ಕೋಣೆಯಲ್ಲಿ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಆಮೇಲೆ ಕಲ್ಲು ತುಂಬಿದ ಗ್ರಾನೈಟಿನ ಗೋಪುರಗಳಲ್ಲಿ ಮೇಲಿಂದ ನೀರು, ಕೆಳಗಿಂದ ಅನಿಲ. ಒಂದು ಗೋಪುರದಲ್ಲಿ ದಕ್ಕದ್ದು ಮುಂದಿನದಕ್ಕೆ. ಕೊನೆಯ ಅಳಿದುಳಿದದ್ದಕ್ಕೆ ನೀರು ಸಾಲದೆ ಸುಣ್ಣದ ತಿಳಿಗೆ ಮೊರೆಹೋದರು. ಇವತ್ತಿನ ನೈಟ್ರಿಕ್ ಆಮ್ಲದ ಕಾರ್ಖಾನೆಗಳು ಚಾಪ ಬಿಟ್ಟು ಅಮೋನಿಯಾವನ್ನು ಸುಡುತ್ತವೆ, ಆದರೆ ಕೊನೆಯ ಹಂತ ಬದಲಾಗಿಲ್ಲ: ತಂಪು, ಒತ್ತಡ, ಎತ್ತರದ ಗೋಪುರ, ನಡುನಡುವೆ ಗಾಳಿ. ಒಂದು ಸ್ವಾರಸ್ಯವೆಂದರೆ ನೈಟ್ರಿಕ್ ಆಕ್ಸೈಡ್ ಆಕ್ಸಿಜನ್ನಿನೊಡನೆ ಕೂಡುವ ಕ್ರಿಯೆ ಬಿಸಿ ಮಾಡಿದರೆ ನಿಧಾನವಾಗುತ್ತದೆ, ತಂಪು ಮಾಡಿದರೆ ಚುರುಕಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇಂಥ ಹಟಮಾರಿಗಳು ಅಪರೂಪ.

ಇಲ್ಲಿಯವರೆಗೆ ಓದಿದವರು ಕಂದು ಅನಿಲವನ್ನು ಮಳೆ ಸುಲಭವಾಗಿ ತೊಳೆಯುತ್ತದೆ ಎಂದುಕೊಂಡಿರುತ್ತೀರಿ. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ.

ಜೋಡಿಯಾದ ಮೇಲೆ ಮಾತ್ರ ನೀರಿನ ಜೊತೆ ವ್ಯವಹಾರ ಎಂದೆನಲ್ಲ, ತೊಡಕು ಅಲ್ಲಿದೆ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಹೆಜ್ಜೆಗೊಬ್ಬ ಪರಿಚಯದವರು ಸಿಗುತ್ತಾರೆ. ಮಳೆಗಾಲದ ಕೊಡಚಾದ್ರಿಯ ತುದಿಯಲ್ಲಿ ದಿನವಿಡೀ ನಿಂತರೂ ಒಬ್ಬರೂ ಸಿಗದಿರಬಹುದು. ಜೋಡಿ ಕೂಡುವ ವೇಗ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ಸಾಂದ್ರತೆ ಅರ್ಧವಾದರೆ ವೇಗ ಕಾಲುಭಾಗ, ಹತ್ತನೇ ಒಂದಾದರೆ ನೂರನೇ ಒಂದು. ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ ನಿಗದಿಯಾಗಿರುವ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ ಡೈಆಕ್ಸೈಡ್. ನೂರು ಕೋಟಿ ಅಣುಗಳಲ್ಲಿ ಇಪ್ಪತ್ತೊಂದರಷ್ಟು. ಆಚಾರ್ರ ಪಾತ್ರೆಯಲ್ಲಿ ನೂರಕ್ಕೆ ಎರಡು ಪಾಲು ಇದ್ದರೂ ಅದು ಇದರ ಸುಮಾರು ಹತ್ತು ಲಕ್ಷ ಪಟ್ಟು. ಹೊರಗಿನ ಗಾಳಿಯಲ್ಲಿ ಜೋಡಿಯ ಕ್ರಿಯೆ ಅದಕ್ಕಿಂತ ಲಕ್ಷ ಕೋಟಿ ಪಟ್ಟು ನಿಧಾನ. ಮಳೆಹನಿ ಮೋಡದಿಂದ ನೆಲಕ್ಕೆ ಬೀಳುವ ಕೆಲವೇ ನಿಮಿಷಗಳಲ್ಲಿ ಏನೂ ಆಗದು. ಬಕೆಟ್ಟಿನಲ್ಲಿ ನೀರಿಗೆ ದಕ್ಕುವ ಅನಿಲ, ಬಯಲಿನಲ್ಲಿ ಅದೇ ನೀರಿಗೆ ದಕ್ಕುವುದಿಲ್ಲ.

ಆದರೂ ಮಳೆನೀರಿನಲ್ಲಿ ನೈಟ್ರೇಟ್ ಇರುತ್ತದೆ. ಎಲ್ಲಿಂದ? ಕಂದು ಅನಿಲ ಮೊದಲು ಗಾಳಿಯಲ್ಲೇ ಆಮ್ಲವಾಗುತ್ತದೆ, ಆಮೇಲೆ ನೀರಿಗಿಳಿಯುತ್ತದೆ. ಹಗಲು ಬಿಸಿಲು ಹುಟ್ಟಿಸುವ ಹೈಡ್ರಾಕ್ಸಿಲ್ ಎಂಬ ಚೂರು ಅದಕ್ಕೆ ಅಂಟಿಕೊಂಡು ನೈಟ್ರಿಕ್ ಆಮ್ಲದ ಆವಿ ಮಾಡುತ್ತದೆ; ಇದಕ್ಕೆ ಕೆಲವು ಗಂಟೆಯಿಂದ ಒಂದು ದಿನ ಹಿಡಿಯುತ್ತದೆ. ರಾತ್ರಿ ಓಝೋನಿನ ನೆರವಿನಿಂದ ಬೇರೊಂದು ಸುತ್ತುದಾರಿ. ಒಮ್ಮೆ ನೈಟ್ರಿಕ್ ಆಮ್ಲವಾಯಿತೆಂದರೆ ಮುಗಿಯಿತು: ನೀರಿಗಿಳಿಯುವ ಅದರ ಒಲವು ನೈಟ್ರಿಕ್ ಆಕ್ಸೈಡಿನ ಒಲವಿಗಿಂತ ಹತ್ತು ಕೋಟಿ ಪಟ್ಟು ಹೆಚ್ಚು. ಮೊದಲ ಹನಿಗೇ ಅಂಟಿ ಕೆಳಗೆ ಬರುತ್ತದೆ.

ಇದನ್ನು ತಿಳಿದ ಮೇಲೆ ಭರಣಿ ಮಳೆಯ ಮಾತು ಎತ್ತದೆ ಇರಲಾಗದು. "ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ" ಎನ್ನುತ್ತಾರೆ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಗುಡುಗು ಸಿಡಿಲಿನೊಂದಿಗೆ ಬರುವ ಮಳೆ ಅದು. ಮಲೆನಾಡಿನ ತೋಟದವರಲ್ಲಿ ಎಷ್ಟೋ ಜನ, ಗುಡುಗಿನ ಮಳೆನೀರು ಯೂರಿಯಾ ಹಾಕಿದ ಹಾಗೆ, ಎನ್ನುವುದನ್ನು ಕೇಳಿದ್ದೇನೆ. ಶಾಲೆಯ ಪುಸ್ತಕವೂ ಅವರ ಬೆನ್ನಿಗಿದೆ: ಮಿಂಚಿನಿಂದ ನೈಟ್ರೋಜನ್ ಆಕ್ಸೈಡು, ಅದು ಮಳೆಯಲ್ಲಿ ಕರಗಿ ನೈಟ್ರೇಟ್, ನೈಟ್ರೇಟು ಗಿಡಕ್ಕೆ ಗೊಬ್ಬರ.

ಮೊದಲ ಮಾತು ನಿಜ. ಮಿಂಚಿನ ದಾರಿಯಲ್ಲಿ ಶಾಖ 30,000 ಡಿಗ್ರಿ ಮುಟ್ಟುತ್ತದೆ, ಆ ಕಾವಿನಲ್ಲಿ ಗಾಳಿಯ ನೈಟ್ರೋಜನ್ನೂ ಆಕ್ಸಿಜನ್ನೂ ಒಡೆದು ನೈಟ್ರಿಕ್ ಆಕ್ಸೈಡ್ ಆಗಿ ಕೂಡುತ್ತವೆ. ಜಗತ್ತಿನಲ್ಲೆಲ್ಲ ಮಿಂಚು ಹೀಗೆ ಕಟ್ಟುವ ನೈಟ್ರೋಜನ್ ವರ್ಷಕ್ಕೆ 20ರಿಂದ 80 ಲಕ್ಷ ಟನ್ ಎಂದು ಅಂದಾಜು. ಒಂದೊಂದು ಮಿಂಚಿಗೆ ಸರಾಸರಿ ಮೂರು ನಾಲ್ಕು ಕಿಲೋ. ಆದರೆ ಹುಟ್ಟುವುದು ನೈಟ್ರಿಕ್ ಆಕ್ಸೈಡ್, ಅಂದರೆ ಮೂವರಲ್ಲಿ ನೀರಿಗೆ ತೀರಾ ಒಗ್ಗದವನು. ಅದೇ ಮಿಂಚಿನ ಅದೇ ಮಳೆ ಅದನ್ನು ತೊಳೆದು ತರಲಾರದು. ಮೋಡದೊಳಗಿನ ಮೇಲ್ಗಾಳಿ ಅದರಲ್ಲಿ ಬಹುಪಾಲನ್ನು ಎತ್ತರಕ್ಕೆ ಒಯ್ಯುತ್ತದೆ. ಅದು ಡೈಆಕ್ಸೈಡಾಗಿ, ಆಮ್ಲವಾಗಿ, ಕೊನೆಗೆ ಮಳೆಯಲ್ಲಿ ಇಳಿಯುವುದು ಗಂಟೆಗಳೋ ದಿನಗಳೋ ಕಳೆದ ಮೇಲೆ, ಬೇರೆ ಯಾರದೋ ತೋಟದ ಮೇಲೆ. ಹೊಸನಗರದಲ್ಲಿ ಸಿಡಿದ ಮಿಂಚಿನ ಗೊಬ್ಬರ ಹೊಸನಗರಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಪ್ರಮಾಣವೂ ದೊಡ್ಡದಲ್ಲ, ಕಾರ್ಖಾನೆಗಳಲ್ಲಿ ತಯಾರಾಗುವ ಗೊಬ್ಬರದ ನೈಟ್ರೋಜನ್ ವರ್ಷಕ್ಕೆ ಹತ್ತು ಕೋಟಿ ಟನ್ನಿನ ಆಸುಪಾಸು.

ಹಾಗಾದರೆ ಭರಣಿ ಮಳೆ ಬಿದ್ದ ವಾರಕ್ಕೆ ತೋಟ ಹಸಿರಾಗಿ ಎದ್ದು ನಿಲ್ಲುವುದು ಸುಳ್ಳೇ? ಕಣ್ಣಾರೆ ಕಂಡದ್ದು ಸುಳ್ಳಲ್ಲ. ನೀರಿನ ಪಾಲು ಇದೆ. ಬೇಸಿಗೆಯಲ್ಲಿ ಗಾಳಿಯಲ್ಲಿ ಕೂಡಿದ ಧೂಳು, ಅಮೋನಿಯಾ, ನೈಟ್ರಿಕ್ ಆಮ್ಲವನ್ನು ಮೊದಲ ಮಳೆ ಒಟ್ಟಿಗೆ ಇಳಿಸುವುದೂ ಇದೆ. ದೊಡ್ಡ ಪಾಲು ಮಾತ್ರ ಮಣ್ಣಿನದೇ. ಬೇಸಿಗೆಯಿಡೀ ಒಣಗಿದ ಮಣ್ಣಿಗೆ ಮೊದಲ ನೀರು ಬಿದ್ದಾಗ ಅಲ್ಲಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು, ಸತ್ತ ಜೀವಿಗಳನ್ನೂ ಒಣಗಿದ ಎಲೆಯ ದರಗನ್ನೂ ಕೊಳೆಸಿ ಗಿಡಕ್ಕೆ ಬೇಕಾದ ನೈಟ್ರೋಜನ್ ಬಿಡಿಸಿಕೊಡುತ್ತವೆ. ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಬಿಡಿಸಿ ನೋಡಿ 1958ರಲ್ಲಿ ಬರೆದ ಬರ್ಚ್ ಎಂಬ ವಿಜ್ಞಾನಿಯ ಹೆಸರಿನಲ್ಲೇ ಇದನ್ನು ಬರ್ಚ್ ಪರಿಣಾಮ ಎನ್ನುತ್ತಾರೆ. ಅಡಿಕೆ ತೋಟಕ್ಕೆ ಪ್ರತಿ ವರ್ಷ ಸೊಪ್ಪು, ದರಗು ಹಾಕಿ ಮುಚ್ಚಿದ ಹಿರಿಯರು ಆ ಜೀವಿಗಳಿಗೆ ಊಟ ಬಡಿಸಿಟ್ಟಿದ್ದರು. ಗುಡುಗು ಆ ಹೊತ್ತಿಗೆ ಸರಿಯಾಗಿ ಬಂದು ಹೆಸರು ತಗೊಂಡಿತು.

ಅದೇ ಮಣ್ಣಿನಿಂದ ನಗೆ ಅನಿಲವೂ ಏಳುತ್ತದೆ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಆಕ್ಸಿಜನ್ ಸಿಗದೆ ನೈಟ್ರೇಟಿನಿಂದ ಅದನ್ನು ಕಿತ್ತುಕೊಳ್ಳುತ್ತವೆ. ಆ ದಾರಿಯ ನಡುವಿನ ನಿಲ್ದಾಣವೇ ನೈಟ್ರಸ್ ಆಕ್ಸೈಡ್. ನೀರಿನಲ್ಲಿ ಸಾಕಷ್ಟು ಕರಗುವುದರಿಂದ ಅದು ಒಂದಷ್ಟು ದೂರ ನೆಲದೊಳಗಿನ ನೀರಿನ ಜೊತೆಯೇ ಬರುತ್ತದೆ. ಆ ನೀರು ಹಳ್ಳವಾಗಿ ಹೊರಬಿದ್ದು ಕಲ್ಲಿನಿಂದ ಕಲ್ಲಿಗೆ ಜಿಗಿಯುವಾಗ, ಸೋಡಾ ಬಾಟಲಿ ಕುಲುಕಿದಂತೆ, ಗಾಳಿಗೆ ಹಾರಿಹೋಗುತ್ತದೆ. ಹಾರಿದ ಮೇಲೆ ಅದನ್ನು ಮಳೆ ಮರಳಿ ತರಬಹುದಲ್ಲ ಎಂದು ಒಮ್ಮೆ ಕೂತು ಲೆಕ್ಕ ಹಾಕಿದೆ. ಆಗುಂಬೆಯನ್ನೇ ತೆಗೆದುಕೊಂಡೆ, ವರ್ಷಕ್ಕೆ ಸುಮಾರು ಏಳೂವರೆ ಸಾವಿರ ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಏಳೂವರೆ ಸಾವಿರ ಲೀಟರ್. ಗಾಳಿಯಲ್ಲಿ ಈ ಅನಿಲ ನೂರು ಕೋಟಿಗೆ ಸುಮಾರು 336 ಪಾಲು. ಹೆನ್ರಿಯ ನಿಯಮದಂತೆ ಅಷ್ಟೂ ನೀರು ಹಿಡಿದುಕೊಳ್ಳಬಲ್ಲದ್ದು ಮೂರು ಮಿಲಿಗ್ರಾಂ ಆಸುಪಾಸು. ಅದೇ ಚದರ ಮೀಟರಿನ ನೆತ್ತಿಯ ಮೇಲೆ ಆಕಾಶದವರೆಗೆ ನಿಂತ ಗಾಳಿಯಲ್ಲಿರುವುದು ಐದು ಗ್ರಾಂಗೂ ಹೆಚ್ಚು. ಇಡೀ ವರ್ಷದ ಆಗುಂಬೆಯ ಮಳೆ ಸೇರಿದರೂ ಸಾವಿರಕ್ಕೆ ಒಂದು ಪಾಲನ್ನೂ ಹಿಡಿಯದು, ಹಿಡಿದದ್ದನ್ನೂ ನೀರು ಬಿಸಿಯಾದಾಗ ಬಿಟ್ಟುಕೊಡುತ್ತದೆ. ಹಿಂದಿನ ಬಾಗಿಲಿಲ್ಲದ ಬಸ್ಸು. ಅದಕ್ಕೇ ಇದು ಗಾಳಿಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ಉಳಿಯುತ್ತದೆ, ಆ ನೂರು ವರ್ಷದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ನೈಟ್ರಿಕ್ ಆಕ್ಸೈಡ್ ನೀರಿಗೆ ಒಗ್ಗದಿರುವುದರ ದಂಡವನ್ನು ಘಾಟಿ ಹತ್ತುವ ಲಾರಿ, ಬಸ್ಸುಗಳೂ ತೆರುತ್ತವೆ. ಎಂಜಿನ್ನಿನಿಂದ ಹುಟ್ಟುವುದು ಬಹುಪಾಲು ಅದೇ. ಕಲ್ಲಿದ್ದಲಿನ ಹೊಗೆಯ ಗಂಧಕದ ಅನಿಲವನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆದು ತೆಗೆದಂತೆ ಇದನ್ನು ತೊಳೆಯಲಾಗದು. ಅದಕ್ಕಾಗಿ 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಬಸ್ಸು, ಲಾರಿಗಳಲ್ಲಿ ಇನ್ನೊಂದು ಸಣ್ಣ ಟ್ಯಾಂಕಿ: ನೂರಕ್ಕೆ ಮೂವತ್ತೆರಡೂವರೆ ಪಾಲು ಯೂರಿಯಾ ಕರಗಿಸಿದ ನೀರು. ಬಿಸಿ ಹೊಗೆಗೆ ಚಿಮ್ಮಿದಾಗ ಅದು ಅಮೋನಿಯಾ ಆಗಿ ಈ ಅನಿಲವನ್ನು ಮತ್ತೆ ನಿರುಪದ್ರವಿ ನೈಟ್ರೋಜನ್ ಮಾಡುತ್ತದೆ. ತೊಳೆಯಲು ಬಾರದ್ದನ್ನು ಮುರಿಯುವ ಉಪಾಯ.

ಆಚಾರ್ರಿಗೆ ನಾನು ಒತ್ತಿ ಹೇಳಿದ್ದು ಮಾತ್ರ ಪುಪ್ಪುಸದ ವಿಷಯ. ಅಮೋನಿಯಾದಂಥ ತುಂಬ ಕರಗುವ ಅನಿಲ ಮೂಗಿನ, ಗಂಟಲಿನ ಪಸೆಯಲ್ಲೇ ಕರಗಿ ಉರಿ ಎಬ್ಬಿಸುತ್ತದೆ. ನಾವು ಕೆಮ್ಮುತ್ತ ಓಡಿಹೋಗುತ್ತೇವೆ, ಬದುಕುತ್ತೇವೆ. ಕಂದು ಅನಿಲ ನಿಧಾನವಾಗಿ ಕರಗುತ್ತದೆ. ಸ್ವಲ್ಪ ಘಾಟು, ಸ್ವಲ್ಪ ಕೆಮ್ಮು, ಆಮೇಲೆ ಸುಮ್ಮನಾಗುತ್ತದೆ. ಬಹುಪಾಲು ಮೇಲಿನ ದಾರಿಯಲ್ಲಿ ನಿಲ್ಲದೆ ಆಳಕ್ಕೆ, ಗಾಳಿಗೂಡುಗಳ ತನಕ ಹೋಗಿ ಅಲ್ಲಿ ಆಮ್ಲವಾಗುತ್ತದೆ. ಮನೆಗೆ ಹೋಗಿ ಊಟ ಮಾಡಿ ಮಲಗಿದವನಿಗೆ ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಮೆಕ್ಕೆಜೋಳವನ್ನು ಮುಚ್ಚಿದ ಗೋಪುರದಲ್ಲಿ ಹುದುಗಿಸುವ ದೇಶಗಳಲ್ಲಿ, ತುಂಬಿದ ಮೊದಲ ದಿನಗಳಲ್ಲಿ ಒಳಗಿಳಿದ ರೈತರು ಸತ್ತದ್ದು ಹೀಗೇ. ಅದಕ್ಕೊಂದು ಕಾಯಿಲೆಯ ಹೆಸರೇ ಇದೆ. "ಸ್ವಲ್ಪ ಕೆಮ್ಮು ಬಂತು, ಈಗ ಆರಾಮಿದೀನಿ" ಎನ್ನುವುದು ಈ ಅನಿಲದ ಮಟ್ಟಿಗೆ ಸಮಾಧಾನದ ಮಾತಲ್ಲ. ತುಂಬ ಹೊಗೆ ಕುಡಿದವರು ಆರಾಮ ಅನ್ನಿಸಿದರೂ ಆಸ್ಪತ್ರೆಗೆ ಹೋಗಬೇಕು.

ಬಕೆಟ್ಟಿಗೆ ಏನು ಮಾಡುವುದು ಎಂದರು. ನಾರ್ವೆಯ ಗೋಪುರಗಳದೇ ದಾರಿ ಎಂದೆ. ಮೊದಲ ಬಕೆಟ್ಟಾದ ಮೇಲೆ ಗಾಳಿಯಿರುವ ಒಂದು ಖಾಲಿ ಡ್ರಮ್ಮು, ತಪ್ಪಿಸಿಕೊಂಡ ಅನಿಲ ಅಲ್ಲಿ ಮತ್ತೆ ಕಂದಾಗಲು. ಆಮೇಲೆ ಇನ್ನೊಂದು ಬಕೆಟ್ಟು, ಅದರಲ್ಲಿ ಸುಣ್ಣದ ನೀರು. ಸುಣ್ಣ ಇದ್ದರೆ ಅರ್ಧ ಕಂದು, ಅರ್ಧ ಬಣ್ಣವಿಲ್ಲದ್ದು ಬೆರೆತು ಬಂದರೂ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಬಣ್ಣವಿಲ್ಲದ್ದು ಒಂಟಿಯಾಗಿ ಬಂದರೆ ಮಾತ್ರ ಅದಕ್ಕೂ ಆಗದು. "ಎಲೆ ಅಡಿಕೆ ಹಾಕೋ ಊರಲ್ಲಿ ಸುಣ್ಣಕ್ಕೆ ಬರವಾ?" ಅಂತ ನಕ್ಕರು. ಕೆಲಸವನ್ನು ಒಳಗಿನಿಂದ ಹಿತ್ತಲಿಗೆ ಸಾಗಿಸಿದರು.

ಮೊನ್ನೆ ಫೋನ್ ಮಾಡಿದ್ದರು. ಅವರಾಗಿಯೇ ಇನ್ನೊಂದು ಡ್ರಮ್ಮು, ಮೂರನೇ ಬಕೆಟ್ಟನ್ನೂ ಇಟ್ಟಿದ್ದಾರೆ. ಅದರ ಮೇಲೂ ತೆಳ್ಳಗೆ ಕಂದು ಕಾಣುತ್ತದಂತೆ. ಬರೀ ನೀರಿನ ಬಕೆಟ್ಟಾದರೆ ಪ್ರತಿಯೊಂದೂ ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಹಿಡಿದು ಒಂದು ಪಾಲು ಬಿಡುತ್ತದೆ, ಹಾಗಾಗಿ ಮೂರು ದಾಟಿದ ಮೇಲೂ ಇಪ್ಪತ್ತೇಳರಲ್ಲಿ ಒಂದು ಉಳಿಯುತ್ತದೆ, ಸುಣ್ಣ ಇನ್ನಷ್ಟು ಹಿಡಿದರೂ ತೆಳುವಾದಷ್ಟೂ ಹಿಡಿಯುವುದು ಇನ್ನೂ ಕಷ್ಟ ಎಂದೆ.

"ಹಾಗಾರೆ ನಾಲ್ಕನೇದು ಇಡ್ಲಾ?"

ಬೇಡ, ಒಂದು ಫ್ಯಾನು ಇಡಿ ಅಂದೆ.